ಎರಡು ಸೆಂಟಿಮೀಟರ್ ಎತ್ತರದಿಂದ ಕಂಡ ಊರು

ಮಿಲ್ವಾಕಿಯ ಬಿಯರ್ ಲೈನ್ ಈಗಿಲ್ಲ. ನದಿಯ ಪಕ್ಕದಲ್ಲೇ ಸಾಗಿ, ಶ್ಲಿಟ್ಸ್, ಬ್ಲಾಟ್ಸ್ ಮೊದಲಾದ ಬಿಯರ್ ಕಾರ್ಖಾನೆಗಳ ಅಂಗಳಕ್ಕೇ ಗೂಡ್ಸ್ ಬೋಗಿಗಳನ್ನು ಮುಟ್ಟಿಸುತ್ತಿದ್ದ ಆ ಹಳಿಗಳನ್ನು ಕಿತ್ತು ಎಷ್ಟೋ ವರ್ಷಗಳಾದವು. ಹಳಿ ಇದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳು ಎದ್ದಿವೆ, ಜನ ಸಂಜೆ ನಡೆಯಲು ಹೋಗುವ ದಾರಿಯಿದೆ. ಆದರೆ ನಮ್ಮ ನೆರೆಮನೆಯ ನೆಲಮಾಳಿಗೆಯಲ್ಲಿ ಬಿಯರ್ ಲೈನ್ ಇನ್ನೂ ನಡೆಯುತ್ತಿದೆ. ಅಲ್ಲಿ ಯಾವತ್ತೂ 1950ರ ದಶಕದ ಅಕ್ಟೋಬರ್ ತಿಂಗಳು. ಕಿತ್ತಳೆ ಬಣ್ಣದ ಡೀಸೆಲ್ ಎಂಜಿನ್ನು ನಾಲ್ಕೈದು ಬೋಗಿಗಳನ್ನು ತಳ್ಳಿಕೊಂಡು ಇಟ್ಟಿಗೆ ಕಟ್ಟಡಗಳ ನಡುವೆ ನುಸುಳಿ ಬರುತ್ತದೆ, ಬಾರ್ಲಿ ಇಳಿಸುವ ಕಡೆ ಒಂದನ್ನು ಬಿಟ್ಟು, ಪೀಪಾಯಿ ತುಂಬಿದ ಇನ್ನೊಂದನ್ನು ಎಳೆದುಕೊಂಡು ಹೋಗುತ್ತದೆ.

ಮಾದರಿ ರೈಲಿನ ಈ ಲೋಕವನ್ನೆಲ್ಲ ಕಟ್ಟಿದವರು ಯಂತ್ರದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದ ಹಿರಿಯರು. ನಮ್ಮ ಮಕ್ಕಳು ಅವರನ್ನು ತಾತ ಎಂದೇ ಕರೆಯುವುದರಿಂದ ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ. ನಾನು ತಿಪಟೂರಿನವಳು. ಒಡವೆ, ಕೈಗಡಿಯಾರಗಳ ಕ್ಯಾಟಲಾಗುಗಳಿಗೆ ಫೋಟೊ ತೆಗೆಯುವುದು ನನ್ನ ಕಸುಬು. ಸಣ್ಣ ವಸ್ತುವನ್ನು ದೊಡ್ಡದಾಗಿ ತೋರಿಸುವುದು ನನಗೆ ಗೊತ್ತು ಎಂಬ ಒಂದೇ ಕಾರಣಕ್ಕೆ ತಾತ ಒಂದು ದಿನ ಬಾಗಿಲು ತಟ್ಟಿ, ತಮ್ಮ ರೈಲಿನ ಫೋಟೊ ತೆಗೆದುಕೊಡಲು ಆಗುತ್ತದೆಯೇ, ಪತ್ರಿಕೆಗೆ ಕಳಿಸಬೇಕೆಂದಿದ್ದೇನೆ ಎಂದು ಕೇಳಿದರು. ಆ ಕೆಲಸಕ್ಕೆ ಮನಸ್ಸು ಎಷ್ಟು ಅಂಟಿಕೊಂಡಿತೆಂದರೆ, ಆಮೇಲೆ ಈ ಸೀಮೆಯ ಬೇರೆ ಹವ್ಯಾಸಿಗಳ ಮನೆಗಳಿಗೂ ಟ್ರೈಪಾಡ್ ಹೊತ್ತುಕೊಂಡು ಹೋಗತೊಡಗಿದೆ.

ಮಾದರಿ ರೈಲು ಕಟ್ಟುವ ಈ ಹವ್ಯಾಸವನ್ನು ಮಕ್ಕಳ ಆಟವೆಂದುಕೊಂಡವರು ಒಮ್ಮೆ ಅದರ ಲೆಕ್ಕಾಚಾರ ನೋಡಬೇಕು. ಅಮೆರಿಕದಲ್ಲಿ ಹೆಚ್ಚು ಜನ ಬಳಸುವ ಅಳತೆ ಎಚ್‌ಒ, ಅಂದರೆ ನಿಜವಾದ ರೈಲಿನ 87ನೇ ಒಂದು ಪಾಲು. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. 40 ಅಡಿ ಉದ್ದದ ಗೂಡ್ಸ್ ಬೋಗಿ ಇಲ್ಲಿ 14 ಸೆಂಟಿಮೀಟರ್. ಆರಡಿ ಎತ್ತರದ ಮನುಷ್ಯ ಎರಡು ಸೆಂಟಿಮೀಟರಿಗಿಂತ ಚೂರು ಹೆಚ್ಚು. ಜಾಗ ಕಡಿಮೆ ಇರುವವರಿಗೆ ಎನ್ ಎಂಬ ಅಳತೆ ಇದೆ, 160ನೇ ಒಂದು ಪಾಲು. ಹಳಿ, ಬೆಟ್ಟ, ಊರು, ಸೇತುವೆ, ಹಿಂದಿನ ಗೋಡೆಗೆ ಬಳಿದ ಆಕಾಶ, ಎಲ್ಲ ಸೇರಿದ್ದನ್ನು ಲೇಔಟ್ ಎನ್ನುತ್ತಾರೆ. ಒಂದು ಲೇಔಟ್ ಕಟ್ಟಲು ಹತ್ತಿಪ್ಪತ್ತು ವರ್ಷ ಹಿಡಿಯುವುದು ಇಲ್ಲಿ ಅಚ್ಚರಿಯ ಮಾತಲ್ಲ.

ಮಿಲ್ವಾಕಿಗೂ ಈ ಹವ್ಯಾಸಕ್ಕೂ ಹಳೆಯ ನಂಟು. ಮಾದರಿ ರೈಲುಗಳ ಸಾಮಾನು ಮಾರುವ ವಾಲ್ಥರ್ಸ್ ಕಂಪನಿ ಶುರುವಾದದ್ದು ಈ ಊರಿನಲ್ಲಿ, 1932ರಲ್ಲಿ. ಆಲ್ ಕಾಲ್ಮ್‌ಬಾಕ್ ಎಂಬವರು 'ಮಾಡೆಲ್ ರೈಲ್‌ರೋಡರ್' ಪತ್ರಿಕೆಯ ಮೊದಲ ಸಂಚಿಕೆಯನ್ನು ಹೊರತಂದದ್ದೂ ಇಲ್ಲೇ, 1934ರ ಜನವರಿಯಲ್ಲಿ. ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ದಿನಗಳವು. ಮರುವರ್ಷ ದೇಶದ ಹವ್ಯಾಸಿಗಳೆಲ್ಲ ಸೇರಿ ರಾಷ್ಟ್ರೀಯ ಸಂಘವೊಂದನ್ನು ಕಟ್ಟಿದ್ದೂ ಮಿಲ್ವಾಕಿಯಲ್ಲೇ. ಇಂಗ್ಲೆಂಡಿನಲ್ಲಿ 'ರೈಲ್ವೇ ಮಾಡೆಲರ್' 1949ರಿಂದ ನಡೆದುಬಂದಿದೆ. ಈ ಪತ್ರಿಕೆಗಳಲ್ಲಿ ತಮ್ಮ ಲೇಔಟ್ ಅಚ್ಚಾಗುವುದು ಹವ್ಯಾಸಿಗಳಿಗೆ ದೊಡ್ಡ ಮಾತು. ನೆಲಮಾಳಿಗೆಗೆ ಬಂದು ನೋಡುವವರು ಎಷ್ಟು ಜನ? ನಾಲ್ಕು ಸ್ನೇಹಿತರು, ಹಬ್ಬಕ್ಕೆ ಬಂದ ನೆಂಟರು. ಅಚ್ಚಾದರೆ, ಎಂದೂ ಮುಖ ನೋಡದ, ಆದರೆ ಆ ಕೆಲಸದ ಬೆಲೆ ಬಲ್ಲವರ ಕೈಗೆ ಅದು ಹೋಗುತ್ತದೆ.

ಅಚ್ಚಾಗಬೇಕಾದರೆ ಮೊದಲು ಫೋಟೊ ಸರಿಯಾಗಿರಬೇಕು. ತೊಡಕು ಇರುವುದೂ ಅಲ್ಲೇ. ಎಷ್ಟೇ ಚೆನ್ನಾಗಿ ಕಟ್ಟಿದ ಲೇಔಟನ್ನೂ ನಿಂತ ಕಡೆಯಿಂದ ಮೊಬೈಲ್ ಹಿಡಿದು ಕ್ಲಿಕ್ಕಿಸಿದರೆ ಅದು ಮೇಜಿನ ಮೇಲಿನ ಆಟಿಕೆಯಾಗಿಯೇ ಕಾಣುತ್ತದೆ. ಇದಕ್ಕೆ ಎರಡು ಕಾರಣ. ಮೊದಲನೆಯದು ಎತ್ತರ. ನಾವು ನಿಂತು ನೋಡುವಾಗ ಕಾಣುವುದು ಹೆಲಿಕಾಪ್ಟರಿನಿಂದ ಕಂಡ ನೋಟ. ನಿಜವಾದ ರೈಲನ್ನು ನಾವು ಯಾವತ್ತೂ ಹಾಗೆ ನೋಡುವುದಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ಎಂಜಿನ್ನು ನಮಗಿಂತ ಎತ್ತರ, ಅದರ ಹಿಂದೆ ಬೋಗಿಗಳು ಒಂದರ ಹಿಂದೊಂದು ಕಿರಿದಾಗುತ್ತ ಹೋಗುತ್ತವೆ. ಹಾಗೆ ಕಾಣಬೇಕಾದರೆ ಕ್ಯಾಮೆರಾ ಲೇಔಟಿನ ನೆಲದಿಂದ ಎರಡು ಸೆಂಟಿಮೀಟರ್ ಎತ್ತರದಲ್ಲಿರಬೇಕು, ಅಲ್ಲಿ ನಿಂತಿರುವ ಗೊಂಬೆ ಮನುಷ್ಯನ ಕಣ್ಣಿನ ಮಟ್ಟದಲ್ಲಿ.

ಎರಡನೆಯದು ಫೋಕಸ್ಸು. ಲೆನ್ಸು ವಸ್ತುವಿಗೆ ಹತ್ತಿರ ಹೋದಷ್ಟೂ ಸ್ಪಷ್ಟವಾಗಿ ಮೂಡುವ ಆಳ ಕಡಿಮೆಯಾಗುತ್ತದೆ. ಬಯಲಿನಲ್ಲಿ ನಿಂತು ನಿಜವಾದ ರೈಲಿನ ಫೋಟೊ ತೆಗೆದರೆ ಎಂಜಿನ್ನೂ ಸ್ಪಷ್ಟ, ಹಿಂದಿನ ಬೆಟ್ಟವೂ ಸ್ಪಷ್ಟ. ಮಾದರಿ ಎಂಜಿನ್ನಿಗೆ ಒಂದು ಗೇಣು ದೂರದಿಂದ ತೆಗೆದರೆ ಅದರ ಮೂತಿ ಮಾತ್ರ ಸ್ಪಷ್ಟ, ಬಾಲವೆಲ್ಲ ಮಬ್ಬು. ಆ ಮಬ್ಬನ್ನು ಕಂಡ ಕೂಡಲೇ ನಮ್ಮ ಕಣ್ಣು ಇದು ಚಿಕ್ಕ ವಸ್ತು ಎಂದು ತೀರ್ಮಾನಿಸಿಬಿಡುತ್ತದೆ. ನಿಜವಾದ ನಗರದ ಫೋಟೊ ಒಂದರ ಮೇಲುಭಾಗ, ಕೆಳಭಾಗವನ್ನು ಬೇಕೆಂದೇ ಮಬ್ಬು ಮಾಡಿ ಆಟಿಕೆಯ ಊರಿನಂತೆ ತೋರಿಸುವ ತಂತ್ರವನ್ನು ನೀವು ಮೊಬೈಲಿನಲ್ಲಿ ನೋಡಿರಬಹುದು. ನಮ್ಮದು ಅದಕ್ಕೆ ತಿರುವುಮುರುವಾದ ಕೆಲಸ.

ಫಿಲ್ಮಿನ ಕಾಲದವರು ಇದಕ್ಕೆ ಲೆನ್ಸಿನ ಕಿಂಡಿಯನ್ನು ಆದಷ್ಟು ಕಿರಿದು ಮಾಡುತ್ತಿದ್ದರು. 50 ಮಿಲಿಮೀಟರ್ ಲೆನ್ಸಿನಲ್ಲಿ ಎಫ್ 22 ಎಂದು ಇಟ್ಟರೆ ಬೆಳಕು ನುಗ್ಗುವ ಕಿಂಡಿ ಎರಡು ಮಿಲಿಮೀಟರಿನ ಆಸುಪಾಸು. ಇನ್ನೂ ಮುಂದೆ ಹೋಗಿ ಸೂಜಿಯ ರಂಧ್ರದಷ್ಟು ಕಿಂಡಿ ಮಾಡಿಕೊಂಡವರಿದ್ದರು. ಆಳವೇನೋ ಸಿಗುತ್ತಿತ್ತು. ಆದರೆ ಕಿಂಡಿ ತೀರ ಕಿರಿದಾದರೆ ಬೆಳಕು ಅದರ ಅಂಚಿಗೆ ತಾಗಿ ಹರಡಿಕೊಂಡು ಇಡೀ ಚಿತ್ರ ಮೆತ್ತಗಾಗುತ್ತದೆ. ಎಕ್ಸ್‌ಪೋಷರೂ ಬಹಳ ಹೊತ್ತು ಬೇಕು. ಈಗ ನಾವು ಮಾಡುವುದು ಬೇರೆ. ಕಿಂಡಿಯನ್ನು ಮಧ್ಯಮದಲ್ಲಿಟ್ಟು, ಕ್ಯಾಮೆರಾ ಕದಲಿಸದೆ, ಫೋಕಸ್ಸನ್ನು ಮಾತ್ರ ಹತ್ತಿರದಿಂದ ದೂರಕ್ಕೆ ಸ್ವಲ್ಪ ಸ್ವಲ್ಪವೇ ಸರಿಸುತ್ತ ಒಂದರ ಮೇಲೊಂದು ಫೋಟೊ ತೆಗೆಯುತ್ತೇವೆ. ಪ್ರತಿಯೊಂದರಲ್ಲೂ ಒಂದು ತೆಳು ಪಟ್ಟಿಯಷ್ಟೇ ಸ್ಪಷ್ಟವಾಗಿರುತ್ತದೆ. ಹೆಲಿಕಾನ್ ಫೋಕಸ್, ಜೆರೀನ್ ಸ್ಟ್ಯಾಕರ್, ಫೋಟೊಶಾಪ್‌ನಂಥ ತಂತ್ರಾಂಶಗಳು ಆ ಪಟ್ಟಿಗಳನ್ನೆಲ್ಲ ಆಯ್ದು ಒಂದೇ ಚಿತ್ರವಾಗಿ ಹೊಂದಿಸುತ್ತವೆ. ಒಡವೆಯ ಫೋಟೊಗಳಲ್ಲೂ ಇದೇ ವಿಧಾನವಾದ್ದರಿಂದ ನನ್ನ ಕೈ ಇದಕ್ಕೆ ಪಳಗಿತ್ತು.

ತಾತನ ಲೇಔಟಿನಲ್ಲಿ ನಾನು ಮೊದಲು ಆರಿಸಿಕೊಂಡದ್ದು ಬಿಯರ್ ಕಾರ್ಖಾನೆಯ ಹಿಂದಿನ ಒಂದು ಓಣಿ. ಎರಡು ಕಡೆ ಕೆಂಪು ಇಟ್ಟಿಗೆಯ ಗೋಡೆ, ನಡುವೆ ಕಲ್ಲುಹಾಸಿನಲ್ಲಿ ಹುದುಗಿದ ಹಳಿ, ತುದಿಯಲ್ಲಿ ಬಾಗಿಲು ಅರ್ಧ ತೆರೆದ ಒಂದು ಬೋಗಿ. ತಾತನಿಗೆ ಅದು ಒಪ್ಪಿಗೆಯಾಗಲಿಲ್ಲ. ನದಿಯ ಮೇಲಿನ ಸೇತುವೆ ಕಟ್ಟಲು ಅವರು ಒಂದು ಇಡೀ ಚಳಿಗಾಲ ಕಳೆದಿದ್ದರು, ಅದೇ ಮೊದಲು ಬರಬೇಕು ಎಂದರು. ನಾನು ಲ್ಯಾಪ್‌ಟಾಪನ್ನು ಕ್ಯಾಮೆರಾಕ್ಕೆ ಜೋಡಿಸಿ, ಓಣಿಯ ಬಾಯಲ್ಲಿ ಲೆನ್ಸ್ ಇಟ್ಟು ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ತಾವೇ ಕಟ್ಟಿದ ಓಣಿಯೊಳಕ್ಕೆ ಅವರು ಅಲ್ಲಿಯತನಕ ಹೊಕ್ಕಿರಲಿಲ್ಲ, ಯಾವತ್ತೂ ಮೇಲಿನಿಂದ ಬಗ್ಗಿ ನೋಡಿದವರು. "ಚಿಕ್ಕವನಿದ್ದಾಗ ನಮ್ಮಪ್ಪನಿಗೆ ಊಟದ ಡಬ್ಬಿ ಕೊಡಲು ಇಂಥದ್ದೇ ಓಣಿಯಲ್ಲಿ ಹೋಗುತ್ತಿದ್ದೆ. ವಾಸನೆ ಒಂದು ಬಿಟ್ಟು ಎಲ್ಲಾ ಇದೆ" ಎಂದರು.

ಮೊದಲ ಕೆಲಸ ಧೂಳು ತೆಗೆಯುವುದು. ಕಣ್ಣಿಗೆ ಕಾಣದ ಧೂಳಿನ ಕಣ ಈ ಅಳತೆಯಲ್ಲಿ ಜಲ್ಲಿಕಲ್ಲಿನಷ್ಟಾಗುತ್ತದೆ. ಬೆಕ್ಕಿನ ಒಂದು ಕೂದಲು ಚಾವಣಿಯ ಮೇಲೆ ಬಿದ್ದ ವಿದ್ಯುತ್ ತಂತಿಯಾಗುತ್ತದೆ. ಮುಖಕ್ಕೆ ಪೌಡರ್ ಹಚ್ಚುವ ಮೆತ್ತನೆಯ ಬ್ರಶ್ಶಿನಿಂದ ಚಾವಣಿ, ಹಳಿ, ಬೋಗಿಯ ನೆತ್ತಿ ಎಲ್ಲವನ್ನೂ ಒರೆಸಬೇಕು. ಗೋಡೆಯ ಮೂಲೆಯಲ್ಲಿ ಅಂಟು ಮಿಂಚುತ್ತಿದ್ದರೆ ಅದಕ್ಕೆ ಹೊಳಪಿಲ್ಲದ ಬಣ್ಣ ತಾಗಿಸಬೇಕು. ಬೋಗಿಯ ಗಾಲಿಗಳೆಲ್ಲ ಹಳಿಯ ಮೇಲೆ ಕೂತಿವೆಯೇ ಎಂದು ನೋಡಬೇಕು. ಒಂದು ಗಾಲಿ ಕೂದಲೆಳೆಯಷ್ಟು ಮೇಲೆದ್ದಿದ್ದರೂ ಓದುಗರು ಬಿಡುವುದಿಲ್ಲ.

ಬೆಳಕಿನಲ್ಲಿ ನಾನು ಪಾಲಿಸುವ ನಿಯಮ ಒಂದೇ. ಲೋಕಕ್ಕೆ ಸೂರ್ಯ ಒಬ್ಬನೇ, ಆದ್ದರಿಂದ ನೆರಳೂ ಒಂದೇ ಇರಬೇಕು. ಎರಡು ದೀಪ ಇಟ್ಟು ಟೆಲಿಫೋನ್ ಕಂಬಕ್ಕೆ ಎರಡು ನೆರಳು ಬಿದ್ದರೆ ಬೇರೆಲ್ಲ ಶ್ರಮ ವ್ಯರ್ಥ. ಒಂದೇ ದೀಪವನ್ನು ದೂರದಲ್ಲಿ, ಒಂದು ಬದಿಗೆ ಎತ್ತರದಲ್ಲಿ ನಿಲ್ಲಿಸಿ, ಉಳಿದ ಬೆಳಕನ್ನು ಬಿಳಿ ಚಾವಣಿಗೆ ತಾಗಿಸಿ ಮೆತ್ತಗೆ ಇಳಿಸುತ್ತೇನೆ. ನೆಲಮಾಳಿಗೆಯ ಟ್ಯೂಬ್‌ಲೈಟುಗಳನ್ನು ಪೂರ್ತಿ ಆರಿಸಲೇಬೇಕು. ಅವುಗಳ ಹಸಿರು ಛಾಯೆ ಒಂದು ಕಡೆ, ನನ್ನ ದೀಪದ ಬಣ್ಣ ಇನ್ನೊಂದು ಕಡೆಯಾದರೆ ಆಮೇಲೆ ತಿದ್ದಲು ಬರುವುದಿಲ್ಲ. ಆ ಓಣಿಗೆ ಮಾತ್ರ ಸಂಜೆಯ ಬೆಳಕು ಬೇಕಿತ್ತು. ದೀಪಕ್ಕೆ ಹಳದಿ ಹಾಳೆ ಕಟ್ಟಿ, ತೀರ ಕೆಳಗೆ ಇಳಿಸಿ, ಬೋಗಿಯ ನೆರಳು ಕಲ್ಲುಹಾಸಿನ ಮೇಲೆ ಉದ್ದಕ್ಕೆ ಚಾಚುವಂತೆ ಮಾಡಿದೆ.

ಒಂದೊಂದಾಗಿ ಫೋಟೊಗಳು ಬೀಳುವಾಗ ಯಾರೂ ನಡೆದಾಡುವಂತಿಲ್ಲ, ಮರದ ನೆಲ ಅಲುಗಿದರೆ ಇಡೀ ಸರಣಿ ಕೆಟ್ಟಂತೆ. ವಿಸ್ಕಾನ್ಸಿನ್ನಿನ ಚಳಿಯಲ್ಲಿ ಹೀಟರ್ ಊದಿದ ಬಿಸಿಗಾಳಿಗೆ ಲೇಔಟಿನ ಮರಗಳ ಎಲೆ ಅಲ್ಲಾಡುತ್ತದೆ, ಅದನ್ನೂ ಆರಿಸಬೇಕು. ಶಟರನ್ನು ರಿಮೋಟಿನಿಂದಲೇ ಒತ್ತುತ್ತೇನೆ. ತಾತ ಕೋಟು ಹಾಕಿಕೊಂಡು ಮೆಟ್ಟಿಲ ಮೇಲೆ ಕೂತು ಸುಮ್ಮನೆ ಕಾಯುತ್ತಾರೆ.

ಫೋಟೊ ದೊಡ್ಡ ಪರದೆಗೆ ಬಂದಾಗ ಅವರು ಮೊದಲು ಕಂಡದ್ದು ವಾಲಿದ ಒಂದು ಕಂಬವನ್ನು. ವರ್ಷಗಟ್ಟಲೆ ದಿನವೂ ನೋಡಿದ ಕಂಬ, ವಾಲಿದ್ದು ಗೊತ್ತೇ ಆಗಿರಲಿಲ್ಲ. ಕಟ್ಟಿದವರ ಕಣ್ಣು ತಮ್ಮ ಕೆಲಸವನ್ನು ಕ್ಷಮಿಸುತ್ತ ಬಂದಿರುತ್ತದೆ, ಲೆನ್ಸು ಕ್ಷಮಿಸುವುದಿಲ್ಲ. ಆದ್ದರಿಂದ ಲೇಔಟ್ ಮುಗಿದ ಮೇಲೆ ಫೋಟೊ ತೆಗೆದರಾಯಿತು ಎನ್ನುವವರಿಗೆ ನಾನು ಬೇಡ ಎನ್ನುತ್ತೇನೆ. ಕಟ್ಟುತ್ತಿರುವಾಗಲೇ ತೆಗೆಯುತ್ತಿರಬೇಕು. ಕ್ಯಾಮೆರಾ ಎಲ್ಲಿ ನಿಲ್ಲುತ್ತದೆ ಎಂದು ಯೋಚಿಸಿ ಕಟ್ಟಿದ ಲೇಔಟಿನ ಸೊಗಸೇ ಬೇರೆ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತಿದ್ದವರು ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿದ್ದ ಜಾನ್ ಅಲೆನ್. 1913ರಲ್ಲಿ ಹುಟ್ಟಿದ ಅವರು ವೃತ್ತಿಯಿಂದ ಫೋಟೊಗ್ರಾಫರ್. ತಮ್ಮ ಎಚ್‌ಒ ಲೇಔಟಿಗೆ 'ಗೋರಿ ಅಂಡ್ ಡಿಫೀಟೆಡ್' ಎಂದು ಕೇಳಿಸುವ ಹೆಸರಿಟ್ಟು, ನೆಲದಿಂದ ಚಾವಣಿಯವರೆಗೆ ಏರುವ ಕಣಿವೆ, ಪ್ರಪಾತಗಳನ್ನು ಕಟ್ಟಿದರು. ಚಿಕ್ಕ ಜಾಗ ದೊಡ್ಡದಾಗಿ ಕಾಣಲೆಂದು ಅಲ್ಲಲ್ಲಿ ಕನ್ನಡಿಗಳನ್ನು ಹುದುಗಿಸಿದರು. ಬೋಗಿಗಳನ್ನು ಎಳೆಯಲು ಎಮ್ಮಾ ಎಂಬ ಒಂದು ಡೈನೊಸಾರನ್ನೂ ಸಾಕಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ದೃಶ್ಯ ಕಟ್ಟುವುದು ಮತ್ತು ಚಿತ್ರ ತೆಗೆಯುವುದು ಎಂದು ಅವರಿಗೆ ಎರಡು ಕೆಲಸ ಇರಲಿಲ್ಲ. ಹೊಸ ಎಂಜಿನ್ನುಗಳಿಗೆ ಮಸಿ, ತುಕ್ಕು, ಧೂಳಿನ ಬಣ್ಣ ಹಚ್ಚಿ ದುಡಿದು ದಣಿದಂತೆ ಕಾಣಿಸುವ ಪದ್ಧತಿ ಹಬ್ಬಿದ್ದರಲ್ಲಿ ಪತ್ರಿಕೆಗಳಲ್ಲಿ ಬಂದ ಅವರ ಫೋಟೊಗಳ ಪಾಲು ದೊಡ್ಡದು.

1973ರ ಜನವರಿಯಲ್ಲಿ ಅಲೆನ್ ಹೃದಯಾಘಾತದಿಂದ ತೀರಿಕೊಂಡರು. ಅದಾದ ಕೆಲವೇ ದಿನಗಳಲ್ಲಿ ಮನೆಗೆ ಬೆಂಕಿ ಬಿದ್ದು ಲೇಔಟ್ ನಾಶವಾಯಿತು. 'ಮಾಡೆಲ್ ರೈಲ್‌ರೋಡರ್' ಪತ್ರಿಕೆಯ ಸಂಪಾದಕರಾಗಿದ್ದ ಲಿನ್ ವೆಸ್ಟ್‌ಕಾಟ್ ಅಲೆನ್ ಬಗ್ಗೆ ಬರೆದ ಪುಸ್ತಕ 1981ರಲ್ಲಿ ಹೊರಬಂತು, ಅಷ್ಟರಲ್ಲಿ ವೆಸ್ಟ್‌ಕಾಟ್ ಕೂಡ ಇರಲಿಲ್ಲ. ಅಲೆನ್‌ರ ಮನೆಗೆ ಎಂದೂ ಹೋಗದ, ಅವರು ಹೋದ ಮೇಲೆ ಹುಟ್ಟಿದ ಹವ್ಯಾಸಿಗಳು ಫೋಟೊಗಳಿಂದಲೇ ಆ ಕಣಿವೆಯ ಸೇತುವೆಗಳನ್ನು ಹೆಸರು ಹಿಡಿದು ಗುರುತಿಸುವುದನ್ನು ನಾನು ಕೇಳಿದ್ದೇನೆ. ಲೇಔಟ್ ಇಲ್ಲವಾಗಲು ಬೆಂಕಿಯೇ ಆಗಬೇಕೆಂದೇನಿಲ್ಲ. ಟೋನಿ ಕೋಸ್ಟರ್ ತಮ್ಮ ಪ್ರಸಿದ್ಧ ಅಲಿಗೇನಿ ಮಿಡ್‌ಲ್ಯಾಂಡ್ ಲೇಔಟನ್ನು ತಾವೇ ಬಿಚ್ಚಿ, ಅದರ ಜಾಗದಲ್ಲಿ ನಿಕಲ್ ಪ್ಲೇಟ್ ರೈಲುಮಾರ್ಗದ ಹೊಸ ಲೇಔಟ್ ಕಟ್ಟಿದರು. ಮನೆ ಮಾರುತ್ತಾರೆ, ವಯಸ್ಸಾಗುತ್ತದೆ, ಮಕ್ಕಳಿಗೆ ಜಾಗ ಬೇಕಾಗುತ್ತದೆ. ಹಲಗೆ, ಪ್ಲಾಸ್ಟರಿನಲ್ಲಿ ಕಟ್ಟಿದ್ದಕ್ಕೆ ಆಯುಷ್ಯ ಅಷ್ಟೇ. ತಾತನ ಮಗಳು ಮನೆ ಬಿಟ್ಟು ತನ್ನೂರಿಗೆ ಬನ್ನಿ ಎಂದು ಕರೆಯತೊಡಗಿದ ಮೇಲೆಯೇ ತಾತ ನಮ್ಮ ಬಾಗಿಲು ತಟ್ಟಿದ್ದು ಎಂದು ನನಗೆ ತಿಳಿದದ್ದು ತಡವಾಗಿ.

ಇನ್ನು ಪತ್ರಿಕೆಗೆ ಕಳಿಸುವ ಬಗೆ. ಎಲ್ಲವನ್ನೂ ಒಟ್ಟಿಗೆ ಹೊರೆ ಕಟ್ಟಿ ಕಳಿಸುವುದು ಸರಿಯಲ್ಲ. ಮೊದಲು ಸಂಪಾದಕರಿಗೆ ಒಂದು ಚಿಕ್ಕ ಪತ್ರ, ಜೊತೆಗೆ ಕೆಲವು ಫೋಟೊ, ಹಳಿಗಳ ನಕ್ಷೆಯ ಒಂದು ಕೈಬರಹದ ಕರಡು. ನಕ್ಷೆ ಅಂದವಾಗಿರಬೇಕಿಲ್ಲ, ಅಳತೆ ಸರಿಯಿದ್ದರೆ ಸಾಕು, ಅಚ್ಚಿಗೆ ಕಲಾವಿದರು ಮತ್ತೆ ಬರೆಯುತ್ತಾರೆ. ಒಂದೇ ಲೇಖನವನ್ನು ಎರಡು ಪತ್ರಿಕೆಗಳಿಗೆ ಒಟ್ಟಿಗೆ ಕಳಿಸಬಾರದು. ಒಪ್ಪಿಗೆಯಾದ ಮೇಲೂ ಅಚ್ಚಾಗಲು ವರ್ಷ ಕಳೆಯಬಹುದು, ಬೇಸರಪಡಬಾರದು. 'ಮಾಡೆಲ್ ರೈಲ್‌ರೋಡರ್' ಲೇಖನಗಳ ಜೊತೆ ಒಂದು ಚೌಕಟ್ಟು ಇರುತ್ತದೆ: ಲೇಔಟಿನ ಹೆಸರು, ಅಳತೆ, ಕೋಣೆಯ ಗಾತ್ರ, ಯಾವ ಊರು, ಯಾವ ಕಾಲ, ಮುಖ್ಯ ಹಳಿಯ ಉದ್ದ, ಅತಿ ಬಿಗಿಯಾದ ತಿರುವು, ಅತಿ ಕಡಿದಾದ ಏರು, ನೆಲದಿಂದ ಎಷ್ಟು ಎತ್ತರ, ನಿಯಂತ್ರಣ ಯಾವ ಬಗೆ. ಓದುಗರು ಚಿತ್ರಕ್ಕಿಂತ ಮುಂಚೆ ಅದನ್ನೇ ಓದುವುದನ್ನು ಕಂಡಿದ್ದೇನೆ, ತಮ್ಮ ಕೋಣೆಯಲ್ಲಿ ಇದು ಹಿಡಿಸುತ್ತದೆಯೇ ಎಂಬ ಲೆಕ್ಕ ಅವರದು.

ಫೋಟೊಗಳನ್ನು ಪುಟದ ಕಣ್ಣಿನಿಂದಲೂ ನೋಡಬೇಕು. ಎರಡು ಪುಟಕ್ಕೆ ಹರಡುವ ಅಗಲದ ಚಿತ್ರದಲ್ಲಿ ಎಂಜಿನ್ನು ಸರಿಯಾಗಿ ನಡುವೆ ಇದ್ದರೆ ಹೊಲಿಗೆಯ ಮಡಿಕೆ ಅದನ್ನು ನುಂಗುತ್ತದೆ, ಸ್ವಲ್ಪ ಪಕ್ಕಕ್ಕಿರಲಿ. ಮುಖಪುಟಕ್ಕೆ ಉದ್ದನೆಯ ಚಿತ್ರ ಬೇಕು, ಮೇಲ್ಗಡೆ ಪತ್ರಿಕೆಯ ಹೆಸರು ಕೂರಲು ಖಾಲಿ ಆಕಾಶ ಬಿಟ್ಟಿರಬೇಕು. ಎಲ್ಲ ಚಿತ್ರವೂ ಎಂಜಿನ್ನಿನ ಮುಖವೇ ಆದರೆ ಆಯ್ಕೆಗೆ ಏನೂ ಉಳಿಯುವುದಿಲ್ಲ. ದೂರದ ನೋಟ ಒಂದೆರಡು, ನಡುವಿನವು ಕೆಲವು, ತೀರ ಹತ್ತಿರದ್ದು ಕೆಲವು, ಇಡೀ ಕೋಣೆ ಕಾಣುವ ಒಂದು. ಆಕಾಶ ತಿದ್ದುವುದು, ಕೋಣೆಯ ಸ್ವಿಚ್ಚು ಕಾಣುತ್ತಿದ್ದರೆ ಅಳಿಸುವುದು ನಡೆಯುತ್ತದೆ. ಎಂಜಿನ್ನಿಗೆ ಕಂಪ್ಯೂಟರಿನಲ್ಲಿ ಹೊಗೆ ಸೇರಿಸಿದರೆ ಹಾಗೆಂದು ಹೇಳಬೇಕು ಎಂಬುದು ನನ್ನ ನಿಲುವು. ಕೈಯಿಂದ ಮಾಡಿದ ಕೆಲಸವನ್ನು ಗೌರವಿಸುವ ಓದುಗರಿಗೆ ಯಾವುದು ಕೈಕೆಲಸ, ಯಾವುದು ಅಲ್ಲ ಎಂದು ತಿಳಿಯುವ ಹಕ್ಕಿದೆ.

ಚಿತ್ರದ ಕೆಳಗಿನ ಬರಹವನ್ನು ಹಲವರು ಕೊನೆಗೆ ಗೀಚಿ ಕಳಿಸುತ್ತಾರೆ. ನನಗೆ ಅದು ಲೇಖನದಷ್ಟೇ ಮುಖ್ಯ. "ಕಾರ್ಖಾನೆಯ ಬಳಿ ಎಂಜಿನ್" ಎಂದರೆ ಅದು ಕಣ್ಣಿಗೆ ಕಂಡದ್ದೇ. ಈ ಬೋಗಿ ಎಲ್ಲಿಂದ ಬಂತು, ಒಳಗೆ ಏನಿದೆ, ಬಾಗಿಲು ಏಕೆ ಅರ್ಧ ತೆರೆದಿದೆ, ಗೋಡೆಯ ಇಟ್ಟಿಗೆಯನ್ನು ಯಾವುದರಿಂದ ಮಾಡಿದರು, ಇಷ್ಟನ್ನು ಎರಡು ವಾಕ್ಯದಲ್ಲಿ ಹೇಳಿದರೆ ಓದುಗ ಚಿತ್ರಕ್ಕೆ ಮತ್ತೊಮ್ಮೆ ಮರಳುತ್ತಾನೆ. ತಾತ ಹೇಳುತ್ತ ಹೋದರು, ನಾನು ಬರೆದುಕೊಂಡೆ. ಓಣಿಯ ಚಿತ್ರವೇ ಲೇಖನದ ಮೊದಲ ಪುಟಕ್ಕೆ ಬಂತು, ಸೇತುವೆ ಮೂರನೆಯ ಪುಟದಲ್ಲಿ.

ದುಬಾರಿ ಕ್ಯಾಮೆರಾ ಇಲ್ಲದವರು ಹಿಂಜರಿಯಬೇಕಿಲ್ಲ. ಮೊಬೈಲಿನ ಸೆನ್ಸರ್ ಚಿಕ್ಕದಾದ್ದರಿಂದ ಅದರಲ್ಲಿ ಆಳ ತಾನಾಗಿಯೇ ಹೆಚ್ಚು ಸಿಗುತ್ತದೆ. ಫೋನನ್ನು ತಲೆಕೆಳಗೆ ಮಾಡಿ ನಿಲ್ಲಿಸಿದರೆ ಲೆನ್ಸು ನೆಲಕ್ಕೆ ತಾಗಿದಷ್ಟು ಕೆಳಗೆ ಬರುತ್ತದೆ, ದೊಡ್ಡ ಕ್ಯಾಮೆರಾ ಹೋಗಲಾರದ ಓಣಿಗೂ ಹೋಗುತ್ತದೆ. ಇಡೀ ಲೇಔಟ್ ಇಲ್ಲದಿದ್ದರೂ ನಡೆಯುತ್ತದೆ. ಹಲಗೆಯೊಂದರ ಮೇಲೆ ಕಟ್ಟಿದ ಒಂದೇ ದೃಶ್ಯದ ಚಿತ್ರಕ್ಕೂ ಈ ಪತ್ರಿಕೆಗಳ ಓದುಗರ ಫೋಟೊ ವಿಭಾಗದಲ್ಲಿ ಜಾಗವಿದೆ.

ಬೆಂಗಳೂರಿನ ಫ್ಲಾಟುಗಳಲ್ಲಿ ಕಪಾಟಿನ ಒಂದು ಅಟ್ಟದ ಮೇಲೆ ರೈಲು ಕಟ್ಟುತ್ತಿರುವವರು ಇದನ್ನು ಓದಿದರೆ ಅವರಲ್ಲಿ ನನ್ನದೊಂದು ಕೋರಿಕೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ ಮಾರ್ಗ ಕಟ್ಟಿ. ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ, 109 ಸೇತುವೆ, 50 ಅಡಿ ಸಾಗಿದರೆ ಒಂದಡಿ ಏರುವ ಕಡಿದಾದ ದಾರಿ. ಅಮೆರಿಕದ, ಇಂಗ್ಲೆಂಡಿನ ಹವ್ಯಾಸಿಗಳು ರಾಕಿ ಬೆಟ್ಟಗಳನ್ನೂ ಆಲ್ಪ್ಸನ್ನೂ ಎಷ್ಟೋ ಸಲ ಪುಟಗಳಲ್ಲಿ ನೋಡಿದ್ದಾರೆ, ಈ ಘಾಟಿಯ ಮಳೆಗಾಲದ ಎಡಕುಮೇರಿಯನ್ನು ನೋಡಿಲ್ಲ. ಈಗಿನ ಬ್ರಾಡ್‌ಗೇಜನ್ನು ಎಚ್‌ಒ ಅಳತೆಯಲ್ಲಿ ಸರಿಯಾಗಿ ಮಾಡಬೇಕಾದರೆ ಹಳಿಯ ಅಂತರ 19 ಮಿಲಿಮೀಟರಿಗಿಂತ ಹೆಚ್ಚು ಬೇಕು, ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 16.5. ಪಕ್ಕದಿಂದ ತೆಗೆದ ಚಿತ್ರದಲ್ಲಿ ಆ ವ್ಯತ್ಯಾಸ ಕಾಣುವುದಿಲ್ಲ, ಎದುರಿನಿಂದ ತೆಗೆದರೆ ಕಾಣುತ್ತದೆ. 1979ರಲ್ಲಿ ಶುರುವಾಗಿ 1996ರವರೆಗೆ ನಡೆದ ಮೀಟರ್‌ಗೇಜ್ ಕಾಲವನ್ನು ಆರಿಸಿಕೊಂಡರೆ ಆ ತಾಪತ್ರಯವೇ ಇಲ್ಲ. ಸ್ವಿಟ್ಜರ್‌ಲೆಂಡಿನ ಮೀಟರ್‌ಗೇಜ್ ರೈಲುಗಳನ್ನು ಕಟ್ಟುವವರಿಗಾಗಿ ಯುರೋಪಿನಲ್ಲಿ 12 ಮಿಲಿಮೀಟರ್ ಹಳಿ ತಯಾರಾಗುತ್ತದೆ, ಅಳತೆ ಹೊಂದುತ್ತದೆ.

ಈ ವಿಷಯ ತೆಗೆದಾಗ ತಾತ ಕೇಳಿದ ಮೊದಲ ಪ್ರಶ್ನೆ, ಸುರಂಗಗಳ ಬಾಯಿ ಕಲ್ಲಿನದೋ ಕಾಂಕ್ರೀಟಿನದೋ, ಪಾಚಿ ಎಷ್ಟು ಎತ್ತರದವರೆಗೆ ಹತ್ತಿದೆ ಎಂದು. ಹಾಸನದಲ್ಲಿರುವ ತಮ್ಮನಿಗೆ ಫೋನ್ ಮಾಡಿ ಹೇಳಿದ್ದೇನೆ, ಈ ಸಲ ಮಂಗಳೂರಿನ ಗಾಡಿಯಲ್ಲಿ ಹೋಗುವಾಗ ಕಿಟಕಿ ಪಕ್ಕ ಕೂತು ಆದಷ್ಟು ಫೋಟೊ ತೆಗಿ, ಸಾಧ್ಯವಾದರೆ ಕಿಲೋಮೀಟರ್ ಕಲ್ಲೋ ಹಳಿ ನೋಡುವ ಗ್ಯಾಂಗ್‌ಮನ್ನೋ ಚಿತ್ರದೊಳಗೆ ಬರಲಿ, ಅಳತೆ ಲೆಕ್ಕ ಹಾಕಲು ಬೇಕು ಎಂದು.